ಬಿ12 ಕೊರತೆ: ಮಾತ್ರೆ ನುಂಗುವ ಮೊದಲೇ ರಕ್ತ ಪರೀಕ್ಷಿಸಿ

ಕೈಕಾಲು ಜೋಮು ಹಿಡಿದ ಕೂಡಲೇ ಔಷಧದ ಅಂಗಡಿಗೆ ಹೋಗಿ ‘ನರದ ಮಾತ್ರೆ ಕೊಡಿ’ ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹತ್ತಾರು ದಿನ ನುಂಗಿಯೂ ಜೋಮು ಇಳಿಯದಿದ್ದಾಗ ವೈದ್ಯರ ಬಳಿ ಹೋಗಿ ರಕ್ತ ಕೊಟ್ಟರೆ, ಅಷ್ಟರಲ್ಲಿ ಮಾತ್ರೆಯಿಂದ ಏರಿದ, ನರಗಳಿಗೂ ರಕ್ತಕ್ಕೂ ಬೇಕಾದ ಬಿ12 ಜೀವಸತ್ವದ ಪ್ರಮಾಣ ವರದಿಯಲ್ಲಿ ಸರಿಯಾಗಿಯೇ ಕಾಣುತ್ತದೆ. ಮೂಲದಲ್ಲಿದ್ದ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕ್ರಮ ತಪ್ಪದಿರುವುದೇ ಇಲ್ಲಿ ಮುಖ್ಯ.

ಮೊದಲು, ನೀವು ಅಪಾಯದ ಗುಂಪಿನಲ್ಲಿದ್ದೀರಾ ಎಂದು ನೋಡಿಕೊಳ್ಳಿ. ಸಸ್ಯಾಹಾರಿಗಳು, ಅರವತ್ತು ದಾಟಿದವರು, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಝೋಲ್‌ನಂತಹ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು, ಜಠರದ ಶಸ್ತ್ರಚಿಕಿತ್ಸೆ ಆದವರು ಈ ಗುಂಪಿಗೆ ಸೇರುತ್ತಾರೆ. ಯಕೃತ್ತು ಕೆಲವು ವರ್ಷಗಳಿಗೆ ಸಾಕಾಗುವಷ್ಟು ಬಿ12 ಕೂಡಿಟ್ಟುಕೊಳ್ಳುವುದರಿಂದ, ಇಂದಿನ ತೊಂದರೆಯ ಬೇರು ಎಷ್ಟೋ ಹಿಂದೆ ಇರಬಹುದು.

ಎರಡನೆಯದಾಗಿ, ಲಕ್ಷಣಗಳನ್ನು ಗಮನಿಸಿ. ಸುಸ್ತು ಎಲ್ಲ ಕಾಯಿಲೆಗೂ ಇರುವಂಥದ್ದು, ಅದೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು. ನಾಲಿಗೆ ನುಣುಪಾಗಿ ಕೆಂಪೇರಿ ಉರಿಯುವುದು, ಬೆರಳಿನ ಗೆಣ್ಣುಗಳ ಮೇಲಿನ ಚರ್ಮ ಕಪ್ಪಾಗುವುದು, ಎರಡೂ ಪಾದಗಳಲ್ಲಿ ಒಟ್ಟಿಗೇ ಜೋಮು ಶುರುವಾಗುವುದು, ಮರೆವು ಹೆಚ್ಚುವುದು, ಇವು ಹೆಚ್ಚು ಹೇಳುತ್ತವೆ. ಸ್ನಾನದ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ಮೈ ವಾಲಿ, ಕೈ ಗೋಡೆ ಹುಡುಕುವಂತಾದರೆ ತಡಮಾಡಬೇಡಿ. ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ಬೆನ್ನುಹುರಿಯ ಹಿಂಭಾಗದ ತಂತುಗಳು ಸವೆಯುತ್ತಿರುವುದರ ಗುರುತು ಅದಾಗಿರಬಹುದು.

ಮೂರನೆಯ ಹೆಜ್ಜೆ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಬರೀ ಹಿಮೋಗ್ಲೋಬಿನ್ ನೋಡಿ ‘ರಕ್ತ ಚೆನ್ನಾಗಿದೆ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ರಕ್ತಹೀನತೆ ಇಲ್ಲದೆಯೇ ನರಗಳು ಹಾಳಾಗಬಲ್ಲವು. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣಗಳು ಹಿಗ್ಗುತ್ತವೆ, ಅವುಗಳ ಸರಾಸರಿ ಗಾತ್ರ ಹೇಳುವ ವರದಿಯ ‘ಎಂಸಿವಿ’ 100 ದಾಟುತ್ತದೆ ಎಂಬುದು ನಿಜ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆಯೂ ಸಾಮಾನ್ಯ. ಅದು ಕಣಗಳನ್ನು ಕುಗ್ಗಿಸುವುದರಿಂದ, ಎರಡೂ ಕೊರತೆ ಒಟ್ಟಿಗಿದ್ದರೆ ಎಂಸಿವಿ ನಡುವೆ ನಿಂತು ನಮ್ಮನ್ನು ಮೋಸಗೊಳಿಸುತ್ತದೆ. ಆದ್ದರಿಂದ ಬಿ12 ಪ್ರಮಾಣವನ್ನು ನೇರವಾಗಿಯೇ ಅಳೆಸಬೇಕು. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳೂ ಇದ್ದರೆ, ಹೋಮೊಸಿಸ್ಟೀನ್ ಅಥವಾ ಮೀಥೈಲ್ ಮೆಲೋನಿಕ್ ಆಮ್ಲದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಜೀವಕೋಶಗಳಿಗೆ ಬಿ12 ಸಾಲದಾದಾಗ ಇವೆರಡೂ ಏರುತ್ತವೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಏಕೆಂದರೆ ಕೆಲವು ಪ್ರಯೋಗಾಲಯಗಳ ವಿಧಾನದಲ್ಲಿ ಅದು ಬಿ12 ಅಂಕಿಯನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ಬಿ12 ಎಷ್ಟಿದೆ ಎಂದು ತಿಳಿಯದೆ ಫೋಲಿಕ್ ಆಮ್ಲವನ್ನಷ್ಟೇ ನುಂಗುವುದಂತೂ ಕೂಡದು. ಅದರಿಂದ ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರಗಳ ಹಾನಿ ಮುಂದುವರಿಯುತ್ತದೆ.

ಅಂಗಡಿಯ ‘ನರದ ಮಾತ್ರೆ’ಗಳ ಬಗ್ಗೆ ಒಂದು ಮಾತು. ಹಲವು ಮಾತ್ರೆಗಳಲ್ಲಿ ಬಿ12ರ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್ ಜೊತೆಗೆ ಪ್ರೆಗಾಬಾಲಿನ್ ಇರುತ್ತದೆ. ಅದು ನೋವನ್ನು ಮಂಕಾಗಿಸುತ್ತದೆ, ತೂಕಡಿಕೆ ತರುತ್ತದೆ. ಮೊದಲೇ ತೂರಾಡುವ ವೃದ್ಧರನ್ನು ಬೀಳಿಸುತ್ತದೆ. ಬಿ6 ಅತಿಯಾಗಿರುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಅದರಿಂದಲೇ ಜೋಮು ಬರಬಹುದು. ಮಾತ್ರೆ ಪಟ್ಟಿಯ ಹಿಂಬದಿಯನ್ನು ಓದದೆ ಕೊಳ್ಳಬೇಡಿ.

ನಾಲ್ಕನೆಯದು ಚಿಕಿತ್ಸೆ. ನರಗಳ ತೊಂದರೆಯಿದ್ದವರಿಗೆ ಚುಚ್ಚುಮದ್ದಿನಿಂದಲೇ ಆರಂಭಿಸಬೇಕು. ಉಳಿದವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ. ದಿನದ ಅಗತ್ಯ ಎರಡು ಮೈಕ್ರೋಗ್ರಾಂ ಚಿಲ್ಲರೆಯಷ್ಟೇ ಆಗಿರುವಾಗ ಇಷ್ಟೇಕೆ ಎಂದು ಕೇಳುವವರಿದ್ದಾರೆ. ಒಮ್ಮೆಗೆ ದೊಡ್ಡ ಪ್ರಮಾಣ ನುಂಗಿದಾಗ ಕರುಳು ಹೀರಿಕೊಳ್ಳುವುದು ಸುಮಾರು ನೂರರಲ್ಲಿ ಒಂದು ಪಾಲನ್ನು ಮಾತ್ರ. ದುಬಾರಿ ಮೀಥೈಲ್ ರೂಪವೇ ಬೇಕೆಂದು ಹಟ ಹಿಡಿಯಬೇಕಿಲ್ಲ, ಬಿ12ರ ಇನ್ನೊಂದು ರೂಪವಾದ ಸಯನೋಕೋಬಾಲಮಿನ್ ಧಾರಾಳವಾಗಿ ಸಾಕು. ರಕ್ತ ಸುಮಾರು ಎರಡು ತಿಂಗಳಲ್ಲಿ ಸರಿಹೋದರೂ ನರಗಳು ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಕೇಳುತ್ತವೆ, ತಡವಾಗಿದ್ದರೆ ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದು. ಆದ್ದರಿಂದ ಅರ್ಧಕ್ಕೆ ಬಿಡಬೇಡಿ.

ಆಹಾರದ ವಿಷಯ ಚಿಕ್ಕದು: ಮೊಟ್ಟೆ, ಮೀನು, ಮಾಂಸ, ಹಾಲು, ಮೊಸರಿನಲ್ಲಿ ಬಿ12 ಇದೆ, ಸೊಪ್ಪು, ರಾಗಿ, ಕಾಳುಗಳಲ್ಲಿ ಇಲ್ಲ. ದೋಸೆ ಹಿಟ್ಟು ಹುಳಿ ಬಂದರೆ ಬೇಕಾದಷ್ಟು ಬಿ12 ಸಿಗುತ್ತದೆಂದು ನಂಬಿ ಕೂರಬೇಡಿ, ಸ್ಪಿರುಲಿನಾ ಪುಡಿಗೂ ಹಣ ಸುರಿಯಬೇಡಿ. ಆ ಪುಡಿಯಲ್ಲಿರುವ ಬಿ12 ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪದ್ದು.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು, ಅದರಲ್ಲೂ ಸಸ್ಯಾಹಾರಿಗಳು, ಲಕ್ಷಣಕ್ಕಾಗಿ ಕಾಯದೆ ಪರೀಕ್ಷಿಸಿಕೊಳ್ಳಬೇಕು. ತಾಯಿಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆಯಿರುತ್ತದೆ. ನಗುತ್ತಿದ್ದ, ಕತ್ತು ನಿಲ್ಲಿಸುತ್ತಿದ್ದ ಕೂಸು ಮಂಕಾಗಿ, ಕಲಿತದ್ದನ್ನು ಮರೆತು, ಕೈಕಾಲು ನಡುಗಿಸತೊಡಗಿದರೆ ದೃಷ್ಟಿ ತೆಗೆಯುತ್ತ ಕೂರದೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ, ತಾಯಿಯ ರಕ್ತವನ್ನೂ ಪರೀಕ್ಷಿಸಲು ಕೇಳಿ.