ಗೆರೆಗಳ ಚಿತ್ರಕ್ಕೆ ಹರಾಜು ಕೂಗುವ ಮುನ್ನ ಹಾಳೆ ನೋಡಿ

ಹರಾಜಿನ ಕ್ಯಾಟಲಾಗಿನಲ್ಲಿ ಕಲಾವಿದೆ ನಸ್ರೀನ್ ಮೊಹಮದಿಯವರ ಚಿತ್ರವೊಂದು ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಬಿಳಿ ಹಾಳೆ, ಅದರ ಮೇಲೆ ಪೆನ್ಸಿಲ್ ಮತ್ತು ಇಂಕಿನ ಸಣ್ಣ ಗೆರೆಗಳು. ಮನುಷ್ಯರಿಲ್ಲ, ಮರವಿಲ್ಲ. ಕೆಳಗೆ ಲಕ್ಷಗಳಲ್ಲಿ ಅಂದಾಜು ಬೆಲೆ. ‘ಸ್ಕೇಲ್ ಇಟ್ಟು ನಮ್ಮ ಮಗನೂ ಎಳೀತಾನೆ’ ಅನ್ನಿಸುತ್ತೆ ಅಲ್ವಾ? ಅನ್ನಿಸಲಿ ಬಿಡಿ. ಕೊಳ್ಳುವ ಮನಸ್ಸಿದ್ದರೆ ಹೀಗೆ ಮಾಡಿ.

ಮೊದಲು ಚಿತ್ರದ ಕೆಳಗಿನ ನಾಲ್ಕು ಸಾಲು ಓದಿ. ಯಾವುದರಲ್ಲಿ ಬರೆದದ್ದು, ಅಳತೆ ಎಷ್ಟು, ಯಾವಾಗಿನದು. ನಸ್ರೀನ್ 1937ರಲ್ಲಿ ಕರಾಚಿಯಲ್ಲಿ ಹುಟ್ಟಿದವರು, 1972ರಿಂದ ಬರೋಡಾದಲ್ಲಿ ಪಾಠ ಮಾಡಿದವರು, 1990ರಲ್ಲಿ ತೀರಿಕೊಂಡರು. ತಮ್ಮ ಚಿತ್ರಗಳಿಗೆ ಸಾಮಾನ್ಯವಾಗಿ ಹೆಸರಿಡುತ್ತಿರಲಿಲ್ಲ, ತಾರೀಖು ಹಾಕುತ್ತಿರಲಿಲ್ಲ, ಸಹಿಯೂ ಅಪರೂಪ. ಬೇರೆಯವರ ಚಿತ್ರದಲ್ಲಿ ಸಹಿ ಇಲ್ಲದಿದ್ದರೆ ಅನುಮಾನ ಪಡಬೇಕು. ಇಲ್ಲಿ ಅದರಿಂದ ಏನೂ ಗೊತ್ತಾಗಲ್ಲ. ಹಾಗಾಗಿ ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಪ್ರದರ್ಶನದಲ್ಲಿತ್ತು ಅನ್ನುವ ವಿವರವೇ ಆಧಾರ. ‘ಖಾಸಗಿ ಸಂಗ್ರಹ’ ಅಂತ ಒಂದೇ ಮಾತಿದ್ದರೆ ಫೋನ್ ಮಾಡಿ ಕೇಳಿ. ಸಂಕೋಚ ಬೇಡ.

ಆಮೇಲೆ ಪ್ರಿವ್ಯೂಗೆ, ಅಂದರೆ ಹರಾಜಿಗೆ ಮುಂಚೆ ಚಿತ್ರಗಳನ್ನು ನೋಡಲು ಇಡುವ ಕಡೆ, ಹೋಗಿ. ಇದೇ ಮುಖ್ಯ ಕೆಲಸ, ಅವಸರ ಮಾಡಬೇಡಿ. ಫ್ರೇಮಿನಿಂದ ತೆಗೆದು ತೋರಿಸಿ ಅಂತ ಕೇಳಿ. ಹಾಳೆಯನ್ನು ನೇರ ನೋಡದೆ ಬದಿಯಿಂದ, ಓರೆ ಬೆಳಕಿನಲ್ಲಿ ನೋಡಿ. ಮಡಿಕೆ, ಉಬ್ಬು, ಒರೆಸಿದ ಗುರುತು ಎಲ್ಲ ಎದ್ದು ಕಾಣುತ್ತವೆ. ಪೆನ್ಸಿಲ್ ಗೆರೆ ಸ್ವಲ್ಪ ಮಿನುಗುತ್ತದೆ. ಭೂತಗನ್ನಡಿಯಲ್ಲಿ ಗೆರೆ ಒಡೆದು ಸಾಲುಸಾಲು ಚುಕ್ಕೆಯಾದರೆ ಅದು ಅಚ್ಚಿನ ಪ್ರತಿ.

ಕಂದು ಚುಕ್ಕೆ ಇದೆಯೇ? ತೇವದಿಂದ ಬರುವ ಈ ಕಲೆಗೆ ಫಾಕ್ಸಿಂಗ್ ಅನ್ನುತ್ತಾರೆ. ಹಳೇ ಅಗ್ಗದ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು) ಸುತ್ತಲೂ ಕಂದು ಪಟ್ಟಿ ಬಿಟ್ಟಿರುತ್ತದೆ. ಹಿಂದುಗಡೆ ಟೇಪಿನ ಹಳದಿ ಗುರುತು ಹುಡುಕಿ. ಬಣ್ಣ ತುಂಬಿದ ಚಿತ್ರದಲ್ಲಿ ಒಂದು ಕಲೆ ಸೀರೆ ಮಡಿಕೆಯಲ್ಲೋ ಮರದ ನೆರಳಲ್ಲೋ ಅಡಗಿಹೋದೀತು. ಇಲ್ಲಿ ಖಾಲಿ ಬಿಟ್ಟ ಬಿಳಿಯೂ ಚಿತ್ರವೇ. ಅಲ್ಲಿ ಬಿದ್ದ ಸಾಸಿವೆಯಷ್ಟು ಚುಕ್ಕೆಯೂ ಅವರು ಎಳೆಯದ ಇನ್ನೊಂದು ಗೆರೆ ಇದ್ದಂತೆ. ಹಾಳೆ ಹೇಗಿದೆ ಎಂಬ ವರದಿಯನ್ನು ಬರವಣಿಗೆಯಲ್ಲೇ ಪಡೆಯಿರಿ.

ಇನ್ನು ದುಡ್ಡು. 10 ಲಕ್ಷಕ್ಕೆ ಸುತ್ತಿಗೆ ಬಡಿದರೆ ನೀವು ಕೊಡುವುದು 10 ಲಕ್ಷವಲ್ಲ. ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕ, ಅಂದರೆ ಪ್ರೀಮಿಯಂ, 20% ಇದ್ದರೆ 12 ಲಕ್ಷ. ಮೇಲೆ ಜಿಎಸ್‌ಟಿ, ಸಾಗಣೆ, ವಿಮೆ. ಎಲ್ಲ ಸೇರಿಸಿ ನಿಮ್ಮ ಮಿತಿಯನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಗಗನೇಂದ್ರನಾಥ ಟ್ಯಾಗೋರರಂಥ ಕೆಲವರ ಚಿತ್ರಗಳು 1972ರ ಕಾಯ್ದೆಯಡಿ ರಾಷ್ಟ್ರೀಯ ಕಲಾನಿಧಿ. ಅಂಥವನ್ನು ಭಾರತದಲ್ಲಿ ಕೊಂಡರೆ ಭಾರತದಲ್ಲೇ ಇಡಬೇಕು.

ಚಿತ್ರ ಮನೆಗೆ ಬಂದಮೇಲೆ ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲಿಗೆ ಅಂಟಿದ ಗೋಡೆಯೂ ಬೇಡ. ಆಮ್ಲವಿಲ್ಲದ ಮೌಂಟ್ ಹಾಕಿಸಿ, ಗಾಜು ಹಾಳೆಗೆ ತಾಗಬಾರದು. ಫ್ರೇಮಿನ ಅಂಗಡಿಯವರು ‘ಲ್ಯಾಮಿನೇಷನ್ ಮಾಡಿಬಿಡ್ಲಾ ಸಾರ್?’ ಅಂದರೆ, ಚಿತ್ರ ಎತ್ತಿಕೊಂಡು ಹೊರಡಿ.