ಸೇನಾ ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಿಸುವುದು ಹೇಗೆ: ಮಾಜಿ ಸೈನಿಕರಿಗೂ ಅವರ ಮನೆಯವರಿಗೂ

ತಿಂಗಳು ತಿಂಗಳು ಪಿಂಚಣಿ ಬರುತ್ತಿರುವಷ್ಟು ದಿನ, ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಟ್ರಂಕಿನ ತಳದಲ್ಲೇ ಇರುತ್ತದೆ. ಅದರಲ್ಲಿ ಹೆಂಡತಿಯ ಹೆಸರು ‘ಲಕ್ಷ್ಮವ್ವ’ ಎಂದಿದೆ, ಆಧಾರ್‌ನಲ್ಲಿ ‘ಲಕ್ಷ್ಮೀಬಾಯಿ’ ಎಂದಿದೆ ಎನ್ನುವುದು ಬೆಳಕಿಗೆ ಬರುವುದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಮಾಡಿಸಲು ಹೋದಾಗ, ಇಲ್ಲವೇ ರಕ್ಷಣಾ ಪಿಂಚಣಿಯ ಆನ್‌ಲೈನ್ ತಾಣವಾದ ಸ್ಪರ್ಶ್‌ನಲ್ಲಿ ವಿವರ ಪರಿಶೀಲಿಸುವಾಗ. ಬಹಳ ಮನೆಗಳಲ್ಲಿ ಅದೂ ಆಗುವುದಿಲ್ಲ. ಸೈನಿಕ ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗಲೇ ಗೊತ್ತಾಗುತ್ತದೆ. ಆಗ ‘ಇವಳೇ ನನ್ನ ಹೆಂಡತಿ’ ಎಂದು ಸಹಿ ಹಾಕಿ ಹೇಳಬೇಕಾದವರೇ ಇರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಸೈನಿಕ ಬದುಕಿರುವಾಗಲೇ ಮುಗಿಸಿಕೊಳ್ಳಬೇಕು.

ತಪ್ಪು ಎಲ್ಲಿ ಹುಟ್ಟಿದೆ ಎಂದು ಮೊದಲು ಹುಡುಕಿ

ಎಲ್ಲ ತಿದ್ದುಪಡಿಗೂ ಸೈನಿಕರ ಸೇವಾ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ ಆಫೀಸಿಗೇ ಬರೆಯಬೇಕೆಂದಿಲ್ಲ. ಸೇನೆಯ ದಾಖಲೆ ಮೂರು ಮೆಟ್ಟಿಲು ಇಳಿದು ನಿಮ್ಮ ಕೈಗೆ ಬರುತ್ತದೆ. ಬುಡದಲ್ಲಿರುವುದು ರೆಕಾರ್ಡ್ ಆಫೀಸಿನ ಶೀಟ್ ರೋಲ್. ಸೇರಿದ ದಿನದಿಂದ ಬಿಟ್ಟ ದಿನದವರೆಗಿನ ಎಲ್ಲವೂ ಅದರಲ್ಲಿದೆ. ಮದುವೆ, ಮಕ್ಕಳು, ಬಡ್ತಿ, ರಜೆ ಎಲ್ಲವೂ ಪಾರ್ಟ್ ಟು ಆರ್ಡರ್ ಎಂಬ ಲಿಖಿತ ಆದೇಶದ ಮೂಲಕ ಅಲ್ಲಿ ಏರಿರುತ್ತವೆ. ಅದರ ಆಧಾರದ ಮೇಲೆ, ಭೂಸೇನೆಯವರಿಗಾದರೆ ಪ್ರಯಾಗರಾಜ್‌ನ ಪಿಸಿಡಿಎ ಪೆನ್ಷನ್ ಕಚೇರಿ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಹೊರಡಿಸಿತು. ಆ ಪಿಪಿಒ ವಿವರವೇ ಈಚೆಗೆ ಬ್ಯಾಂಕು ಮತ್ತು ಡಿಪಿಡಿಒ ಎಂಬ ರಕ್ಷಣಾ ಪಿಂಚಣಿ ವಿತರಣಾ ಕಚೇರಿಗಳಿಂದ ಸ್ಪರ್ಶ್‌ಗೆ ಹೋಯಿತು.

ಡಿಸ್ಚಾರ್ಜ್ ಬುಕ್, ಹಳೆಯ ಪಿಪಿಒ, ಸ್ಪರ್ಶ್‌ನ ಪ್ರೊಫೈಲ್ ಪುಟದ ಪ್ರಿಂಟ್, ಆಧಾರ್, ಪಾನ್ ಐದನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರವನ್ನೂ, ಒಂದೊಂದು ದಿನಾಂಕವನ್ನೂ ಬೆರಳಿಟ್ಟು ಹೋಲಿಸಿ. ಪಿಪಿಒ ಸರಿಯಿದ್ದು ಸ್ಪರ್ಶ್‌ನಲ್ಲಿ ಮಾತ್ರ ತಪ್ಪಿದ್ದರೆ ಅದು ವರ್ಗಾವಣೆಯಲ್ಲಿ ಆದ ತಪ್ಪು. ಸ್ಪರ್ಶ್‌ನಲ್ಲೇ ದೂರು ದಾಖಲಿಸಿ, ಹಳೆಯ ಪಿಪಿಒ ಸ್ಕ್ಯಾನ್ ಲಗತ್ತಿಸಿದರೆ ಸಾಕು. ಡಿಸ್ಚಾರ್ಜ್ ಬುಕ್ ಸರಿಯಿದ್ದು ಪಿಪಿಒ ತಪ್ಪಿದ್ದರೆ ರೆಕಾರ್ಡ್ ಆಫೀಸಿನ ಮೂಲಕ ಕೊರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಪಿಪಿಒ, ಕೇಳಬೇಕು. ಡಿಸ್ಚಾರ್ಜ್ ಬುಕ್ಕೇ ತಪ್ಪಿದ್ದರೆ ಬುಡದಿಂದ ಶುರು: ಮೊದಲು ಶೀಟ್ ರೋಲ್ ತಿದ್ದಿ ಪಾರ್ಟ್ ಟು ಆರ್ಡರ್ ಆಗಬೇಕು, ಆಮೇಲೆ ಕೊರಿಜೆಂಡಮ್, ಕೊನೆಗೆ ಸ್ಪರ್ಶ್. ಈ ಸಾಲು ತಪ್ಪಿಸಿ ನೇರ ಪ್ರಯಾಗರಾಜ್‌ಗೆ ಬರೆದ ಅರ್ಜಿ ರೆಕಾರ್ಡ್ ಆಫೀಸಿಗೇ ಮರಳುತ್ತದೆ, ಅಷ್ಟು ತಿಂಗಳು ನಷ್ಟ.

ಇನ್ನೊಂದು ದಾರಿಯನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಸೇನೆಯ ದಾಖಲೆ ಸರಿಯಿದ್ದು ಆಧಾರ್ ತಪ್ಪಿರಬಹುದು. ಆಗ ಆಧಾರನ್ನೇ ಸೇನೆಯ ದಾಖಲೆಗೆ ಹೊಂದಿಸಿ. ಇದು ದಿನಗಳ ಕೆಲಸ, ಅದು ತಿಂಗಳುಗಳ ಕೆಲಸ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಆ ಒಂದು ಅವಕಾಶವನ್ನು ಯಾರೋ ಹೇಳಿದರೆಂದು ಆತುರದಲ್ಲಿ ಕಳೆದುಕೊಳ್ಳಬೇಡಿ.

ನಮ್ಮ ಕಡೆಯ ಹೆಸರುಗಳು ಎಡವುವ ಜಾಗ

ಮಿಲಿಟರಿ ಗುಮಾಸ್ತರು ಕೇಳಿಸಿದಂತೆ ಬರೆದರು. ಬಸಪ್ಪ ಬಸ್ವಪ್ಪನಾದ, ಈರಣ್ಣ ವೀರಣ್ಣನಾದ. ಕೊಡಗಿನವರ ಮನೆಹೆಸರು ಒಂದು ಕಾಗದದಲ್ಲಿ ಪೂರ್ತಿ ಮುಂದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಬೆಳಗಾವಿ ಕಡೆ ಮದುವೆಯಲ್ಲಿ ಹೆಂಡತಿಯ ಹೆಸರನ್ನೇ ಬದಲಿಸುವ ರೂಢಿ ಕೆಲವು ಮನೆತನಗಳಲ್ಲಿದೆ; ಶಾಲೆಯ ದಾಖಲೆ ತವರಿನ ಹೆಸರಲ್ಲಿ, ಸೇನೆಯ ದಾಖಲೆ ಗಂಡನ ಮನೆಯ ಹೆಸರಲ್ಲಿ. ಇನಿಷಿಯಲ್ ಬಿಡಿಸಿ ಬರೆಯುವುದು, ಕಾಗುಣಿತದ ಒಂದೆರಡು ಅಕ್ಷರ, ಪೂರ್ತಿ ಬೇರೆ ಹೆಸರು ಈ ಮೂರನ್ನೂ ಕಚೇರಿ ಒಂದೇ ತೂಕದಲ್ಲಿ ನೋಡುವುದಿಲ್ಲ. ಮೊದಲೆರಡು ತಿದ್ದುಪಡಿ; ಮೂರನೆಯದು ಹೆಸರು ಬದಲಾವಣೆ, ಅದಕ್ಕೆ ಪತ್ರಿಕಾ ಪ್ರಕಟಣೆ ಕೇಳುತ್ತಾರೆ. ಬೆಲ್ಗಾಂ ಬೆಳಗಾವಿಯಾದದ್ದು, ಗುಲ್ಬರ್ಗ ಕಲಬುರಗಿಯಾದದ್ದು 2014ರ ನವೆಂಬರ್‌ನ ಸರ್ಕಾರಿ ಬದಲಾವಣೆ. ಅದನ್ನು ತಪ್ಪೆಂದು ತಿದ್ದಿಸಲು ಹೊರಡಬೇಕಿಲ್ಲ.

ಯಾವ ರೆಕಾರ್ಡ್ ಆಫೀಸ್

ಪ್ರತಿ ರೆಜಿಮೆಂಟಿಗೂ ಕೋರಿಗೂ ತನ್ನದೇ ಕಚೇರಿ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ದಕ್ಷಿಣ, ಮಿಲಿಟರಿ ಪೊಲೀಸ್ ಇವರದು ಬೆಂಗಳೂರು. ಮದ್ರಾಸ್ ರೆಜಿಮೆಂಟ್ ವೆಲಿಂಗ್ಟನ್‌ನಲ್ಲಿ, ಯಂತ್ರ ರಿಪೇರಿಯ ಇಎಂಇ ಮತ್ತು ಶಸ್ತ್ರ ಸಾಮಗ್ರಿಯ ಎಒಸಿ ಸಿಕಂದರಾಬಾದ್‌ನಲ್ಲಿ, ಆರ್ಟಿಲರಿ ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್ ಜಬಲ್ಪುರದಲ್ಲಿ. ವಾಯುಪಡೆಯವರಿಗೆ ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈನ ಮಾನ್‌ಖುರ್ದ್. ರೆಜಿಮೆಂಟಿನಿಂದ ನಿವೃತ್ತರಾಗಿ ಮತ್ತೆ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದ್ದವರಿಗೆ ಎರಡು ದಾಖಲೆಗಳಿವೆ, ಡಿಎಸ್‌ಸಿಯದು ಕಣ್ಣೂರಿನಲ್ಲಿದೆ. ಒಂದರಲ್ಲಿ ತಿದ್ದಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಆಗಿ ನಿವೃತ್ತರಾದವರು ಜೆಸಿ ನಂಬರಿನ ಜೊತೆ ಮೊದಲಿನ ಆರ್ಮಿ ನಂಬರನ್ನೂ ಬರೆಯಲೇಬೇಕು. ಹಳೆಯ ಪಾರ್ಟ್ ಟು ಆರ್ಡರ್‌ಗಳೆಲ್ಲ ಮೊದಲಿನ ನಂಬರಿನಲ್ಲೇ ಇರುತ್ತವೆ. ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರವನ್ನೂ ಬಿಡಬೇಡಿ.

ಮೂಲ ದಾಖಲೆಯ ಪ್ರತಿ ತರಿಸಿ

ಡಿಸ್ಚಾರ್ಜ್ ಬುಕ್ ನೋಡಿಯಷ್ಟೇ ಅರ್ಜಿ ಬರೆಯುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಶೀಟ್ ರೋಲ್‌ನಲ್ಲಿ ಸರಿಯಿದ್ದು ಬುಕ್ ಬರೆದವರು ತಪ್ಪಿರಬಹುದು. ಹಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ರೆಕಾರ್ಡ್ ಆಫೀಸಿಗೆ ಸಾದಾ ಅರ್ಜಿ ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ತಾಣದಿಂದಲೂ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು, ಪ್ರತಿಗೆ ಪುಟಕ್ಕೆ 2 ರೂಪಾಯಿ. ‘ನನ್ನ ದಾಖಲೆ ಏಕೆ ತಪ್ಪಾಗಿದೆ’ ಎಂದು ಕೇಳಬೇಡಿ. ‘ನನ್ನ ಶೀಟ್ ರೋಲ್, ಕಿಂಡ್ರೆಡ್ ರೋಲ್, ಮದುವೆ ಮತ್ತು ಮಕ್ಕಳ ಜನನದ ಪಾರ್ಟ್ ಟು ಆರ್ಡರ್‌ಗಳ ದೃಢೀಕೃತ ಪ್ರತಿ’ ಎಂದು ಕೇಳಿ; ಕಿಂಡ್ರೆಡ್ ರೋಲ್ ಎಂದರೆ ಮನೆಯವರ ವಿವರದ ಪಟ್ಟಿ. ಕಾಯ್ದೆ ಕೊಡಿಸುವುದು ಇರುವ ಕಾಗದವನ್ನು, ವಿವರಣೆಯನ್ನಲ್ಲ.

ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮವಿದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದ ಒಂದು ಸಾಲು. ಅಂಥವರು ಲಾಂಗ್ ರೋಲ್‌ನ ಪ್ರತಿಯನ್ನೇ ಹೆಸರಿಸಿ ಕೇಳಬೇಕು.

ಅರ್ಜಿಯ ಕಟ್ಟು

ಅರ್ಜಿ ಒಂದು ಪುಟ ಮೀರಬೇಕಿಲ್ಲ. ಮೇಲೆ ನಂಬರು, ರ‍್ಯಾಂಕ್, ಹೆಸರು, ಟ್ರೇಡ್, ಕೊನೆಯ ಯೂನಿಟ್, ಸೇರಿದ ಮತ್ತು ಬಿಟ್ಟ ದಿನಾಂಕ, ಪಿಪಿಒ ಸಂಖ್ಯೆ, ಮೊಬೈಲ್. ಕೆಳಗೆ ಎರಡು ಕಾಲಂ: ‘ದಾಖಲೆಯಲ್ಲಿ ಈಗಿರುವುದು’, ‘ಇರಬೇಕಾದದ್ದು’. ಒಂದೇ ಅರ್ಜಿಯಲ್ಲಿ ಹೆಂಡತಿಯ ಹೆಸರು, ಮೆಡಲ್, ಪಿಂಚಣಿ ಬಾಕಿ ಎಲ್ಲ ತುರುಕಬೇಡಿ. ಅವು ಬೇರೆ ಬೇರೆ ಸೆಕ್ಷನ್ನಿನ ಮೇಜುಗಳು. ಮೊದಲ ಮೇಜಿನಲ್ಲೇ ಅರ್ಜಿ ಕೂತುಬಿಡುತ್ತದೆ.

ಜೊತೆಗೆ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಪ್ರತಿ, ಪಿಪಿಒ ಪ್ರತಿ, ಆಧಾರ್, ಪಾನ್, ತಿದ್ದುಪಡಿಗೆ ಆಧಾರವಾದ ಮೂಲ ಪುರಾವೆ ಮತ್ತು ಅಫಿಡವಿಟ್. ಎಲ್ಲವನ್ನೂ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಉಪನಿರ್ದೇಶಕರಿಂದ ಮೇಲುರುಜು ಮಾಡಿಸಿ, ಸಾಧ್ಯವಾದರೆ ಅವರ ಪತ್ರದೊಂದಿಗೇ ಕಳಿಸಿ. ಕರ್ನಾಟಕದಲ್ಲಿ ಪ್ರತಿ ಜಿಲ್ಲೆಗೂ ಈ ಕಚೇರಿಯಿಲ್ಲ, ಕೆಲವು ಕಚೇರಿಗಳು ಒಂದಕ್ಕಿಂತ ಹೆಚ್ಚು ಜಿಲ್ಲೆ ನೋಡಿಕೊಳ್ಳುತ್ತವೆ. ಹೊರಡುವ ಮುಂಚೆ ವಿಚಾರಿಸಿ.

ಕನ್ನಡದ ಟಿಸಿ, ಕನ್ನಡದ ಜನನ ಪ್ರಮಾಣಪತ್ರವನ್ನು ಹಾಗೇ ಕಳಿಸಿದರೆ ಜಬಲ್ಪುರದಲ್ಲಿ ಓದುವವರಿಲ್ಲ. ನೋಟರಿ ದೃಢೀಕರಿಸಿದ ಇಂಗ್ಲಿಷ್ ಅನುವಾದ ಪಿನ್ ಮಾಡಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಅವರು ಲಿಖಿತವಾಗಿ ಕೇಳುವವರೆಗೂ ಅಂಚೆಗೆ ಹಾಕಬೇಡಿ. ಕೇಳಿದರೆ ಎಲ್ಲ ಪುಟ ಸ್ಕ್ಯಾನ್ ಮಾಡಿಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಅರ್ಜಿಯ ಪ್ರತಿಗೇ ಅಂಟಿಸಿಡಿ.

ಅಫಿಡವಿಟ್‌ನಲ್ಲಿ ಆಗುವ ಎಡವಟ್ಟು

ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಸಿದ್ಧ ಮಾದರಿ ಇರುತ್ತದೆ: ‘ಈ ಎರಡು ಹೆಸರೂ ಒಬ್ಬರದೇ’. ಅದು ಬ್ಯಾಂಕಿಗೆ ಸಾಕಾಗಬಹುದು, ದಾಖಲೆ ತಿದ್ದಲು ಸಾಲದು. ಯಾವ ಹೆಸರು ಸರಿ, ಯಾವುದು ತಪ್ಪು, ತಪ್ಪು ಯಾವ ಕಾಗದದಲ್ಲಿದೆ, ಮುಂದೆ ಎಲ್ಲ ದಾಖಲೆಯಲ್ಲೂ ಯಾವುದಿರಬೇಕು ಎಂಬ ನಾಲ್ಕೂ ಅದರಲ್ಲಿರಬೇಕು. ಕೆಲವು ರೆಕಾರ್ಡ್ ಆಫೀಸುಗಳು ನೋಟರಿ ಸಹಿ ಒಪ್ಪುತ್ತವೆ, ಕೆಲವು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಆಗಿರಬೇಕು ಎನ್ನುತ್ತವೆ. ಫೋನ್ ಮಾಡಿ ಕೇಳಿಕೊಂಡೇ ಮಾಡಿಸಿ. ಪತ್ರಿಕಾ ಪ್ರಕಟಣೆ ಬೇಕೆಂದರೆ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಹಾಕಿಸಿ. ಕತ್ತರಿಸಿದ ತುಂಡನ್ನಲ್ಲ, ದಿನಾಂಕ ಕಾಣುವ ಇಡೀ ಪುಟವನ್ನೇ ಕಳಿಸಿ. ಅಫಿಡವಿಟ್‌ನ ಕಾಗುಣಿತಕ್ಕೂ ಪ್ರಕಟಣೆಯ ಕಾಗುಣಿತಕ್ಕೂ ಒಂದಕ್ಷರ ವ್ಯತ್ಯಾಸವಾದರೆ ಎರಡೂ ವ್ಯರ್ಥ.

ಜನ್ಮದಿನಾಂಕ: ಸೈನಿಕನದು ಬೇರೆ, ಹೆಂಡತಿಯದು ಬೇರೆ

ಸೈನಿಕ ಸೇರುವಾಗ ಬರೆಸಿದ ಸ್ವಂತ ಜನ್ಮದಿನಾಂಕವನ್ನು ನಿವೃತ್ತಿಯ ನಂತರ ಬದಲಿಸುವ ಆಸೆ ಬಿಡುವುದೇ ವಾಸಿ. ಸೇವೆಯ ಕೊನೆಗಾಲದಲ್ಲಿ ಬಂದ ಇಂಥ ಕೋರಿಕೆಗಳನ್ನೇ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ತಳ್ಳಿಹಾಕಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಶೀಟ್ ರೋಲ್‌ನಲ್ಲಿ ಇನ್ನೊಂದು ಇದ್ದು, ನಕಲು ಮಾಡುವಾಗಲೇ ತಪ್ಪಾಗಿದೆ ಎಂದು ತೋರಿಸಲಾದರೆ ಮಾತ್ರ ಪ್ರಯತ್ನಿಸಿ.

ಹೆಂಡತಿಯ ಜನ್ಮದಿನಾಂಕದ ಮಾತು ಬೇರೆ. ಅದನ್ನು ತಿದ್ದಿಸಬಹುದು, ತಿದ್ದಿಸಲೇಬೇಕು. ಕುಟುಂಬ ಪಿಂಚಣಿದಾರರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಶೇ 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, 100ಕ್ಕೆ ಶೇ 100. ದಾಖಲೆಯಲ್ಲಿ ದಿನಾಂಕವೇ ಇಲ್ಲದಿದ್ದರೆ ಅಥವಾ ಐದು ವರ್ಷ ಕಿರಿಯಳೆಂದಿದ್ದರೆ ಆ ಹಣ ಅಷ್ಟು ವರ್ಷ ತಡ.

ಇಲ್ಲಿ ಪುರಾವೆಯ ವಯಸ್ಸೇ ಮುಖ್ಯ. ತಕರಾರು ಹುಟ್ಟುವ ಮೊದಲೇ ಇದ್ದ ಕಾಗದಕ್ಕೆ ತೂಕ ಹೆಚ್ಚು: ಶಾಲೆಯ ದಾಖಲಾತಿ ಪುಸ್ತಕದ ನಕಲು, ಹಳೆಯ ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟ್. ಆಧಾರ್ ಒಂದೇ ಸಾಲದು. ಅದು ಜನ್ಮದಿನಾಂಕದ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಬಾಯಿಮಾತಿನ ವಯಸ್ಸಿನ ಮೇಲೆ ಮಾಡಿದ ಆಧಾರ್‌ನಲ್ಲಿ ಜನವರಿ 1 ಎಂದಿರುತ್ತದೆ, ಶಾಲೆಯಲ್ಲಿ ಮೇಷ್ಟ್ರು ಬರೆದದ್ದು ಜೂನ್ 1 ಎಂದಿರುತ್ತದೆ. ಎರಡೂ ಅಂದಾಜೇ, ಆದರೆ ಶಾಲೆಯದು ಹಳೆಯದು, ಅದನ್ನೇ ಹಿಡಿಯಿರಿ. ಏನೂ ಇಲ್ಲದವರು ಜನನವನ್ನು ತಡವಾಗಿ ನೋಂದಾಯಿಸಬಹುದು. ಒಂದು ವರ್ಷ ಮೀರಿದ್ದಕ್ಕೆ 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ ಆದೇಶ ಬೇಕು.

ದಾಖಲೆಯಲ್ಲಿ ಇಲ್ಲವೇ ಇಲ್ಲದವರು

ನಿವೃತ್ತಿಯ ನಂತರ ಮದುವೆಯಾದವರು, ಮೊದಲ ಹೆಂಡತಿ ತೀರಿಕೊಂಡು ಮತ್ತೆ ಮದುವೆಯಾದವರು, ಆಮೇಲೆ ಹುಟ್ಟಿದ ಮಕ್ಕಳು ಇವರ ಹೆಸರು ತಾನಾಗಿ ಏರುವುದಿಲ್ಲ. ಮದುವೆ ನೋಂದಣಿ ಪತ್ರ, ಮೊದಲ ಹೆಂಡತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಡಿಕ್ರಿ, ಇಬ್ಬರ ಜಂಟಿ ಫೋಟೊ ಇವುಗಳೊಂದಿಗೆ ಅರ್ಜಿ ಹಾಕಿ. ಊರ ಪಂಚರ ಮುಂದೆ ಬರೆದ ಬಿಡುಗಡೆ ಪತ್ರವನ್ನು ವಿಚ್ಛೇದನವೆಂದು ಕಳಿಸುವವರಿದ್ದಾರೆ; ಅದು ನಡೆಯುವುದಿಲ್ಲ.

ಅಂಗವೈಕಲ್ಯವಿರುವ ಮಗನೋ ಮಗಳೋ ಇದ್ದರೆ ಅವರ ಹೆಸರನ್ನು ತಂದೆತಾಯಿ ಬದುಕಿರುವಾಗಲೇ ಪಿಪಿಒಗೆ ಸೇರಿಸಬಹುದು. ದುಡಿಯಲಾಗದ ಮಕ್ಕಳಿಗೆ 25 ವರ್ಷದ ವಯೋಮಿತಿಯಿಲ್ಲದೆ ಜೀವನಪೂರ್ತಿ ಕುಟುಂಬ ಪಿಂಚಣಿ ಇದೆ. ತಂದೆತಾಯಿ ಇಬ್ಬರೂ ಹೋದ ಮೇಲೆ ಆ ಮಗುವಿನ ಪರವಾಗಿ ಓಡಾಡುವವರು ಯಾರು ಎಂದು ಒಂದು ಕ್ಷಣ ಯೋಚಿಸಿದರೆ ಈ ಅರ್ಜಿಯನ್ನು ನಾಳೆಗೆ ತಳ್ಳುವ ಮನಸ್ಸಾಗದು.

ಹಣಕ್ಕೆ ತಾಗುವ ತಪ್ಪುಗಳು

ರ‍್ಯಾಂಕ್, ಗ್ರೂಪ್, ಪಿಂಚಣಿಗೆ ಲೆಕ್ಕವಾಗುವ ಅರ್ಹ ಸೇವೆಯ ಅವಧಿ ಇವೇ, ಒಂದೇ ದರ್ಜೆ ಮತ್ತು ಸೇವೆಗೆ ಒಂದೇ ಪಿಂಚಣಿ ಎನ್ನುವ ಒನ್ ರ‍್ಯಾಂಕ್ ಒನ್ ಪೆನ್ಷನ್ ಕೋಷ್ಟಕದಲ್ಲಿ ನಿಮ್ಮ ಸಾಲನ್ನು ನಿರ್ಧರಿಸುತ್ತವೆ. ಕೋಷ್ಟಕ ಅರ್ಧರ್ಧ ವರ್ಷಕ್ಕೆ ಬದಲಾಗುತ್ತದೆ, ಹೀಗಾಗಿ ಕೆಲವೇ ದಿನದ ವ್ಯತ್ಯಾಸವೂ ಕೆಳಗಿನ ಸಾಲಿಗೆ ಇಳಿಸಬಲ್ಲದು. ಸೇರಿದ ದಿನದಿಂದ ಬಿಟ್ಟ ದಿನದವರೆಗೆ ನೀವೇ ಎಣಿಸಿ, ಅನರ್ಹ ಸೇವೆ ಎಂದು ಎಷ್ಟು ದಿನ ಕಳೆದಿದ್ದಾರೆ ನೋಡಿ. ಆ ದಿನಗಳಿಗೆ ಪಾರ್ಟ್ ಟು ಆರ್ಡರ್ ಸಂಖ್ಯೆ ಕೇಳಿ; ಅದಿಲ್ಲದೆ ಕಳೆದಿದ್ದರೆ ನಿಮ್ಮ ವಾದ ಗಟ್ಟಿ.

ಎಲ್ಲವೂ ‘ತಪ್ಪು ತಿದ್ದುಪಡಿ’ ಅಲ್ಲ. ವೈದ್ಯಕೀಯ ಮಂಡಳಿ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದಿದ್ದರೆ, ಬಿಡುಗಡೆಯ ಕಾರಣ ನಿಮಗೆ ಒಪ್ಪಿಗೆಯಿಲ್ಲದಿದ್ದರೆ, ಅದು ಗುಮಾಸ್ತರ ಕೈತಪ್ಪಲ್ಲ, ಅಧಿಕಾರಿಯ ತೀರ್ಮಾನ. ಅದಕ್ಕೆ ಮೇಲ್ಮನವಿಯ ದಾರಿ ಹಿಡಿಯಬೇಕು.

ಉತ್ತರ ಬರದಿದ್ದರೆ

ಎರಡು ತಿಂಗಳು ಕಾದು, ಹಳೆಯ ಅರ್ಜಿಯ ದಿನಾಂಕ ಮತ್ತು ಸ್ಪೀಡ್ ಪೋಸ್ಟ್ ಸಂಖ್ಯೆ ಬರೆದು ನೆನಪೋಲೆ ಕಳಿಸಿ. ಹೊಸ ಅರ್ಜಿ ಬೇಡ, ಹೊಸ ಕಡತ ತೆರೆದರೆ ಹಳೆಯದು ಮಲಗುತ್ತದೆ. ಆಮೇಲೆ ಕೇಂದ್ರದ ಸಿಪಿಗ್ರಾಮ್ಸ್ ತಾಣದಲ್ಲಿ ದೂರು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಹೋಗಬೇಕು. ಮನವಿಗೆ 6 ತಿಂಗಳಾದರೂ ಆದೇಶವೇ ಬರದಿದ್ದರೂ ಹೋಗಬಹುದು. ಪಿಂಚಣಿಯ ತಪ್ಪು ಪ್ರತಿ ತಿಂಗಳೂ ಮರುಕಳಿಸುವ ತಪ್ಪಾದ್ದರಿಂದ ತಡವಾದರೂ ಕೇಳಬಹುದು, ಆದರೆ ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಸಿಗುವುದು ಸಾಮಾನ್ಯವಾಗಿ ಹಿಂದಿನ 3 ವರ್ಷದ್ದು ಮಾತ್ರ.

ಕೊರಿಜೆಂಡಮ್ ಪಿಪಿಒ ಕೈಗೆ ಬಂದ ದಿನವೇ ಅದನ್ನು ಅಕ್ಷರ ಅಕ್ಷರ ಓದಿ. ತಿದ್ದುಪಡಿಯಲ್ಲೇ ಹೊಸ ತಪ್ಪು ನುಸುಳುವುದುಂಟು. ಸ್ಪರ್ಶ್‌ನಲ್ಲಿ ಬದಲಾಗಿದೆಯೇ ನೋಡಿ, ನಂತರ ಇಸಿಎಚ್‌ಎಸ್, ಕ್ಯಾಂಟೀನ್ ಕಾರ್ಡ್, ಬ್ಯಾಂಕಿನ ಜಂಟಿ ಖಾತೆ, ಜಿಲ್ಲಾ ಸೈನಿಕ ಕಚೇರಿಯ ಗುರುತಿನ ಚೀಟಿ ಇವನ್ನು ಒಂದೊಂದಾಗಿ ಬದಲಿಸಿಕೊಳ್ಳಿ. ಪ್ರತಿಗಳ ಒಂದು ಕಟ್ಟನ್ನು ಹೆಂಡತಿಯ ಕೈಗೆ ಕೊಟ್ಟು, ಯಾವ ರೆಕಾರ್ಡ್ ಆಫೀಸ್, ಯಾವ ನಂಬರ್ ಎಂದು ಮೇಲೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದಿಡಿ.