ಅದೇ ಕಾಲುವೆ, ಬೇರೆ ಬೇರೆ ಬರಹ

ನಮ್ಮ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ಮಾನ್ವಿ ಕಡೆ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಶುರುವಾಗುವ ಈ ಕಾಲುವೆಯ ಉದ್ದ 226 ಕಿಲೋಮೀಟರ್. ಮೇಲ್ಭಾಗದವರಿಗೆ ಸಿಕ್ಕಷ್ಟು ನೀರು ನಮ್ಮವರೆಗೆ ಬರುವುದಿಲ್ಲ. ಈ ಒಂದೇ ಸಂಗತಿಯ ಬಗ್ಗೆ ನಾನು ಅರ್ಜಿ ಬರೆದಿದ್ದೇನೆ, ಎಂ.ಫಿಲ್ ಪ್ರಬಂಧ ಬರೆದಿದ್ದೇನೆ, ಒಂದು ಕಥೆಯನ್ನೂ ಬರೆದಿದ್ದೇನೆ. ಆದರೆ ಒಂದರ ಸಾಲು ಇನ್ನೊಂದಕ್ಕೆ ಕೂರುವುದಿಲ್ಲ. ಕಾಲೇಜಿನಲ್ಲಿ ನನ್ನ ಹತ್ತಿರ ಕನ್ನಡ ಓದುವ ಮಕ್ಕಳು ಇದು ಯಾಕೆ ಹೀಗೆ ಅಂತ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಅರ್ಜಿಯ ವಿಷಯ. ಊರಿನ ಹಿರಿಯರು ಒಂದು ಕರಡು ಬರೆದುಕೊಂಡು ಬಂದಿದ್ದರು. ಅನ್ನದಾತನ ಕಣ್ಣೀರು, ಸಾಲದ ಹೊರೆ, ಸರ್ಕಾರಗಳ ನಿರ್ಲಕ್ಷ್ಯ, ಎಲ್ಲವೂ ಇತ್ತು. ಎಲ್ಲವೂ ನಿಜವೇ. ಆದರೆ ಯಾವ ಉಪಕಾಲುವೆ, ಯಾವ ತೂಬು ಅನ್ನೋದು ಎರಡನೇ ಪುಟದ ಕೊನೆಯಲ್ಲಿತ್ತು. ನಾನು ಯೋಚಿಸಿದ್ದು ಇಷ್ಟೇ: ಈ ಕಾಗದ ಮೊದಲು ಯಾರ ಟೇಬಲ್ಲಿಗೆ ಹೋಗುತ್ತದೆ? ಇಂಜಿನಿಯರ್ ಕೈಗೆ ಅಲ್ಲ. ಮೊದಲು ಓದುವವರು ಕಚೇರಿಯ ವಿಷಯ ನಿರ್ವಾಹಕರು. ಅವರು ಇದನ್ನು ಓದಿ ಕಡತದಲ್ಲಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಕು. ಆ ಟಿಪ್ಪಣಿಗೆ ಬೇಕಾದ್ದನ್ನು ನಾವೇ ಬರೆದುಕೊಟ್ಟರೆ ಕಾಗದ ಮುಂದೆ ಸಾಗುತ್ತದೆ. ಹಾಗಾಗಿ ವಿಷಯದ ಸಾಲನ್ನು ಹೀಗೆ ಬರೆದೆ:

"ವಿಷಯ: ನಮ್ಮ ಉಪಕಾಲುವೆಯ ಕೊನೆಯ ಮೂರು ತೂಬುಗಳಿಗೆ ಜನವರಿ ಮೊದಲ ವಾರದಿಂದ ನೀರು ಬಾರದಿರುವ ಬಗ್ಗೆ, ಹಾಗೂ ಗೇಜ್ ಪರಿಶೀಲಿಸಿ ನೀರು ಬಿಡಿಸಲು ಕೋರಿ."

"ನಮ್ಮ" ಅನ್ನೋ ಕಡೆ ಉಪಕಾಲುವೆಯ ನಂಬರ್ ಇತ್ತು. ಕೆಳಗೆ 69ನೇ ಮೈಲು ಮತ್ತು 104ನೇ ಮೈಲಿನ ಗೇಜ್ (ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಅಳತೆ) ಎಷ್ಟು ಅಡಿ ಇತ್ತು ಅಂತ ತಾರೀಕಿನ ಸಮೇತ ಬರೆದು, ಫೋಟೊ ಲಗತ್ತಿಸಿದೆವು. ಈ ಕಾಲುವೆಯ ಮೇಲೆ ಇವತ್ತಿಗೂ ಮೈಲಿನ ಲೆಕ್ಕವೇ ನಡೆಯುತ್ತದೆ. ರೈತರು, ಗ್ಯಾಂಗ್‌ಮನ್‌ಗಳು, ಇಂಜಿನಿಯರುಗಳು, ಎಲ್ಲರೂ ಅದೇ ಮಾತಾಡುತ್ತಾರೆ. "ನೀರು ಕಮ್ಮಿ ಬರ್ತಿದೆ" ಅಂತ ಬರೆದರೆ ಓದಿ ಪಕ್ಕಕ್ಕಿಡಬಹುದು. ಗೇಜಿನ ಅಡಿ ಬರೆದರೆ ಹೌದು ಅಥವಾ ಅಲ್ಲ ಅಂತ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಹಿರಿಯರೊಬ್ಬರಿಗೆ ಬೇಜಾರಾಯಿತು. "ಇದರಾಗ ನಮ್ಮ ಸಂಕಟ ಎಲ್ಲೈತಿ?" ಅಂದರು. ನ್ಯಾಯವಾದ ಪ್ರಶ್ನೆ. ಸಂಕಟವನ್ನು ನೀವು ಎದುರಿಗೆ ನಿಂತು ಬಾಯಲ್ಲಿ ಹೇಳಿ, ಕಾಗದ ತೂಬಿನ ಮಾತು ಹೇಳಲಿ ಅಂದೆ. ಹಾಗೇ ಮಾಡಿದೆವು. ಅವರ ಮಾತಿಗೆ ಅಲ್ಲಿ ಕೂತಿದ್ದವರು ತಲೆ ತಗ್ಗಿಸಿದರು. ಕಾಗದಕ್ಕೆ ಸೀಲು, ಸ್ವೀಕೃತಿ ಸಿಕ್ಕಿತು.

ಒಂದು ವಿಷಯವನ್ನು ಮಾತ್ರ ಅರ್ಜಿಯಿಂದ ಬೇಕೆಂದೇ ಬಿಟ್ಟಿದ್ದೆ. ಮೇಲ್ಭಾಗದ ಭತ್ತ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನಿಗದಿಗಿಂತ ಜಾಸ್ತಿ ಜಮೀನಿನಲ್ಲಿ ಭತ್ತ ಬೆಳೆಯುತ್ತಾರೆ ಅನ್ನೋದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅದನ್ನು ಅರ್ಜಿಯಲ್ಲಿ ಬರೆದರೆ ಅದು ಊರೂರಿನ ಜಗಳವಾಗುತ್ತದೆ. ನಮಗೆ ಆ ವಾರ ಬೇಕಾಗಿದ್ದದ್ದು ನೀರು.

ಪ್ರಬಂಧದಲ್ಲಿ ಆ ಭತ್ತವೇ ನಡುಮನೆಗೆ ಬಂತು. ಈ ಯೋಜನೆ ಮಾಡಿದಾಗ ಆಯಕಟ್ಟಿನ, ಅಂದರೆ ಕಾಲುವೆ ನೀರು ಸಿಗುವ ಪ್ರದೇಶದ, ಬಹುಪಾಲು ಜಮೀನನ್ನು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತಲೇ ಇಟ್ಟಿದ್ದರು. ಭತ್ತಕ್ಕೆ ಕೊಟ್ಟದ್ದು ಸಣ್ಣ ಪಾಲು. ಇದನ್ನು ಇಲ್ಲಿ ಲೋಕಲೈಜೇಷನ್ ಅಂತಾರೆ. ಊರ ಕಟ್ಟೆಯ ಮೇಲೆ ನಾವು "ನೀರು ಕದೀತಾರೆ" ಅಂತೀವಿ. ಪ್ರಬಂಧದಲ್ಲಿ ಆ ಮಾತು ನಡೆಯುವುದಿಲ್ಲ. ಮರ್ಯಾದೆಯ ಪ್ರಶ್ನೆ ಅಲ್ಲ ಅದು. ಪ್ರಬಂಧ ಓದುವವರು ನನ್ನ ಮಾತನ್ನು ಒಪ್ಪದವರೂ ಆಗಿರಬಹುದು. ಅವರೂ ಅದೇ ದಾಖಲೆ ತೆಗೆದು, ಅದೇ ಉಪಕಾಲುವೆ ನಡೆದು, ನಾನು ಹೇಳಿದ್ದು ಸರಿಯೋ ತಪ್ಪೋ ನೋಡುವ ಹಾಗಿರಬೇಕು. "ಎಲ್ಲ ರೈತರೂ" ಅಂತ ಬರೆಯುವ ಕಡೆ "ಮಾತಾಡಿಸಿದವರಲ್ಲಿ ಹೆಚ್ಚಿನವರು" ಅಂತ ಬರೆದೆ. ಸಾಲು ಸಪ್ಪೆಯಾಯಿತು, ನಿಜ. ಆದರೆ ಗಟ್ಟಿಯಾಯಿತು.

ನನ್ನ ವಾದಕ್ಕೆ ಅಡ್ಡ ಬರುವುದನ್ನೂ ಅಲ್ಲಿ ಬರೆಯಲೇಬೇಕಿತ್ತು. ತುಂಗಭದ್ರಾ ಜಲಾಶಯದ ಮೊದಲಿನ ಸಾಮರ್ಥ್ಯ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಹೂಳು ತುಂಬಿ ಈಗ ಅದು 105.788 ಟಿಎಂಸಿಗೆ ಇಳಿದಿದೆ. ಅಂದರೆ ಮೇಲಿನವರು ಭತ್ತ ಬಿಟ್ಟರೂ ಕೊರತೆ ಪೂರ್ತಿ ಹೋಗುವುದಿಲ್ಲ. ಇನ್ನೊಂದು, ಕಾಲುವೆ ಪಕ್ಕದ ಕಪ್ಪು ನೆಲದಲ್ಲಿ ಬಸಿ ನೀರು ನಿಂತು ಜವಳಾದ ಕಡೆ ಭತ್ತ ಬಿಟ್ಟು ಬೇರೇನೂ ಸರಿಯಾಗಿ ಬರುವುದಿಲ್ಲ. ಕೆಳಭಾಗದ ರೈತರ ಮಗುವಾಗಿ ಇದನ್ನು ಬರೆಯುವಾಗ ಕೈ ಹಿಂದೆ ಎಳೆಯುತ್ತಿತ್ತು. ಅರ್ಜಿಯಲ್ಲಿ ಇದನ್ನು ಬಿಟ್ಟರೆ ಏನೂ ಆಗುವುದಿಲ್ಲ. ಪ್ರಬಂಧದಲ್ಲಿ ಬಿಟ್ಟರೆ ಅದು ಮೋಸ.

ಕ್ಷೇತ್ರಕಾರ್ಯಕ್ಕೆ ಹೋಗುವ ದಾರಿಯಲ್ಲಿ ಮಸ್ಕಿ ಬರುತ್ತದೆ. ಅಲ್ಲಿನ ಬಂಡೆ ಮೇಲೆ ಅಶೋಕ ಬರೆಸಿದ್ದು ತನ್ನ ಜನ ಧರ್ಮದ ದಾರಿ ಹಿಡಿಯಲಿ ಅಂತ. ಆದರೆ 1915ರಲ್ಲಿ ಅದು ಸಿಕ್ಕಾಗ ವಿದ್ವಾಂಸರಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದರಲ್ಲಿದ್ದ "ಅಶೋಕ" ಅನ್ನೋ ಹೆಸರು. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಅದೇ ಬಂಡೆಯನ್ನು ಸಂಶೋಧಕರು ಸಾಕ್ಷಿಯಾಗಿ ಓದಿದರು. ಆ ದಾರಿಯಲ್ಲಿ ಹೋಗುವಾಗೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿ ಸಾಕ್ಷಿ ಎಷ್ಟಿದೆ, ಸಿಟ್ಟು ಎಷ್ಟಿದೆ ಅಂತ ನೋಡಿಕೊಳ್ಳುತ್ತಿದ್ದೆ.

ಕಥೆಗೆ ಕೂತಾಗ ಮೈಲು, ಗೇಜು, ಟಿಎಂಸಿ ಎಲ್ಲವನ್ನೂ ಹೊರಗಿಟ್ಟೆ. ಭತ್ತ ಮಾತ್ರ ಉಳಿಯಿತು. ಕಥೆಯಲ್ಲಿ ಕೆಳಭಾಗದ ಒಬ್ಬ ರೈತ ಮಗಳನ್ನು ಕಾರಟಗಿ ಕಡೆ ಕೊಟ್ಟಿದ್ದಾನೆ. ಬೀಗರದ್ದು ಭತ್ತದ ಗದ್ದೆ. ಇವನ ಹತ್ತಿ ಒಣಗುತ್ತಿರುವ ವಾರವೇ ಮಗಳು ಹೊಸ ಸೋನಾ ಮಸೂರಿಯ ಚೀಲ ಹೊತ್ತು ತವರಿಗೆ ಬರುತ್ತಾಳೆ. ಊರವರೆಲ್ಲ ಮೇಲ್ಭಾಗದವರನ್ನು ಬೈಯುತ್ತಾರೆ. ಇವನು ಬೈಯುವಂತಿಲ್ಲ. ಅವಳು ಅನ್ನ ಮಾಡಿ ಬಡಿಸುತ್ತಾಳೆ, "ಹೆಂಗೈತಪ್ಪ ಅಕ್ಕಿ?" ಅಂತ ಕೇಳುತ್ತಾಳೆ. ಆ ಪ್ರಶ್ನೆಗೆ ಅವನು ಏನು ಹೇಳಬೇಕು ಅನ್ನೋದನ್ನ ತೀರ್ಮಾನಿಸಲು ನನಗೆ ಇಡೀ ಬೇಸಿಗೆ ಬೇಕಾಯಿತು. ಕೊನೆಗೆ "ಅನ್ನ ಉದುರಾಗೇತಿ ಬಿಡವ್ವ" ಅಂತಷ್ಟೇ ಹೇಳಿಸಿದೆ. ನೀರು ಯಾಕೆ ಬರಲಿಲ್ಲ ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಓದಿದವರು ಯಾವ ಕಡತಕ್ಕೂ ಷರಾ ಬರೆಯಬೇಕಿಲ್ಲ, ಏನನ್ನೂ ಪರಿಶೀಲಿಸಬೇಕಿಲ್ಲ. ಆ ಮನುಷ್ಯನ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರೆ ಸಾಕು. ಪ್ರಬಂಧದ ಅಷ್ಟೂ ಪುಟದಲ್ಲಿ ನನಗೆ ಹೇಳಲಾಗದ ಮಾತೊಂದಿತ್ತು: ಈ ಜಗಳದ ಎರಡೂ ಕಡೆ ನಮ್ಮವರೇ ಇದ್ದಾರೆ. ಅದಕ್ಕೆ ಜಾಗ ಸಿಕ್ಕಿದ್ದು ಕಥೆಯಲ್ಲಿ.

ಈಗ ತರಗತಿಯಲ್ಲಿ ಬರೆಸುವಾಗ ಹಾಳೆಯ ತುದಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯಲು ಹೇಳುತ್ತೇನೆ: ಇದನ್ನು ಯಾರು ಓದುತ್ತಾರೆ, ಓದಿ ಕೆಳಗಿಟ್ಟ ಮೇಲೆ ಏನು ಮಾಡುತ್ತಾರೆ? 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಅಣೆಕಟ್ಟಿನ ಮೇಲ್ಭಾಗದಿಂದ ಹೊಳೆಗೆ ನೀರು ಬಿಡುವ ಗೇಟು) ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದನ್ನೇ ವಿಷಯವಾಗಿ ಕೊಟ್ಟಿದ್ದೆ. ಹೆಚ್ಚಿನವರು ಜಲಾಶಯದ ಇತಿಹಾಸದಿಂದ ಶುರು ಮಾಡಿದರು. ಒಬ್ಬ ಹುಡುಗಿ ಪೆನ್ಸಿಲಿನಲ್ಲಿ "ಹೊಳೆ ದಂಡೆಯ ಊರಿನವರು" ಅಂತ ಬರೆದು, ಕೆಳಗೆ ಹೀಗೆ ಬರೆದಿದ್ದಳು: "ಹೊಳೆಗೆ ಇಳಿಯಬೇಡಿ. ದನ ಮೇಲಕ್ಕೆ ಹೊಡೀರಿ. ಪಂಪ್‌ಸೆಟ್ ಈಗಲೇ ಎತ್ತಿಡಿ." ಗೇಟು, ಚೈನ್ ಯಾವುದರ ಮಾತೂ ಅದರಲ್ಲಿರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಮುಂದಿನ ವಾರ ಅದನ್ನೇ ಇಂಜಿನಿಯರಿಗೆ ವರದಿಯಾಗಿ ಬರೆದುಕೊಂಡು ಬಾ ಅಂದೆ. ಆಗ ಅವಳ ಮೊದಲ ಸಾಲಿನಲ್ಲೇ ಚೈನ್ ಬಂತು.